ಗೋಡೆಯ ಕಡೆಗೆ ಮುಖ

ಪೇಟದ ಅಳತೆ ಕೇಳಿಕೊಂಡು ಬೆಳ್ಳಂಬೆಳಿಗ್ಗೆಯೇ ಫೋನು ಬಂದಾಗ ಸದಾಶಿವಯ್ಯನವರು ಬಿ.ಪಿ. ಮಾತ್ರೆಯನ್ನು ಅಂಗೈಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಬಿಳಿ ಮಾತ್ರೆ, ನಡುವೆ ಒಂದು ಗೀಟು, ಹೆಸರುಕಾಳಿಗಿಂತ ತುಸು ದೊಡ್ಡದು. ಇಷ್ಟು ಚಿಕ್ಕ ವಸ್ತು ಆರಡಿ ಎತ್ತರದ ಕಬಡ್ಡಿ ಆಟಗಾರನನ್ನು ನೆಲಕ್ಕೆ ಕೆಡವೀತು ಎಂದು ಹೋದ ವಾರದ ತನಕ ಯಾರಾದರೂ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಹೆಂಡತಿ ಪ್ರೇಮಲೀಲಾ ಫೋನು ಹಿಡಿದು, ‘ದೊಡ್ಡದೇ ಕಳಿಸಿ ಕಣಮ್ಮ, ತಲೆ ಧಾರಾಳವಾಗಿದೆ. ಒಳಗೇನಿದೆ ಅನ್ನೋದು ಬೇರೆ ಮಾತು’ ಎಂದು ಆ ಕಡೆಯ ಹುಡುಗಿಯನ್ನು ನಗಿಸುತ್ತಿದ್ದರು. ಸಂಜೆ ಯಾದವಗಿರಿಯ ಸಭಾಂಗಣದಲ್ಲಿ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ತಟ್ಟೆ. ಆಟಗಾರರು ಮದ್ದು ತಗೊಂಡು ಆಡುವುದನ್ನು ಹಿಡಿಯಲೆಂದೇ ಹುಟ್ಟಿದ ಶುದ್ಧ ಕ್ರೀಡಾ ಸಮಿತಿ ಐದು ವರ್ಷಗಳಲ್ಲಿ ಒಂದು ನೊಣವನ್ನೂ ಹಿಡಿದಿರಲಿಲ್ಲ. ಪೇಪರಿನವರು ಅದಕ್ಕೆ ಕುಂಭಕರ್ಣ ಸಮಿತಿ ಎಂದು ಹೆಸರಿಟ್ಟಿದ್ದರು. ಈಗ ಒಬ್ಬ ಸಿಕ್ಕಿದ್ದಾನೆ, ಅದೂ ಮೈಸೂರು ಗಜಪಡೆ ತಂಡದ ರೈಡರ್ ಲಿಖಿತ್. ಅವನ ಮೂತ್ರದಲ್ಲಿ ಮೈಯ ನೀರಿಳಿಸುವ ಮಾತ್ರೆಯ ಅಂಶವಿತ್ತಂತೆ. ಕದ್ದು ತಗೊಂಡ ಮದ್ದಿನ ಗುರುತು ತೊಳೆದುಹೋಗಲಿ ಎಂದು ಆಟಗಾರರು ಅದನ್ನು ನುಂಗುತ್ತಾರಂತೆ. ಅಂದು ಅವನ ಹಿಂದೆ ಕಾವಲಿದ್ದವರು ಸದಾಶಿವಯ್ಯನವರಾದ್ದರಿಂದ ಪೇಟವೂ ಅವರಿಗೇ. ‘ಮಾತ್ರೆ ನುಂಗಿ, ಅದಕ್ಕೇನು ಶಾಸ್ತ್ರ ಕೇಳ್ತಿದ್ದೀರಾ?’ ಎಂದರು ಪ್ರೇಮಲೀಲಾ. ಅವರು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಸಾಕ್ಷಿಯನ್ನೇ ನುಂಗಿದ ಹಾಗಾಯಿತು. ಲಿಖಿತ್ ಹೆಸರಿನ ಬಾಟಲಿಯಲ್ಲಿ ಸಿಕ್ಕಿದ್ದು ಈ ಮಾತ್ರೆಯೇ, ಯಾಕೆಂದರೆ ಆ ಬಾಟಲಿಯಲ್ಲಿದ್ದದ್ದು ಲಿಖಿತನದಲ್ಲ, ಅವರದು.

ನಜರ್‌ಬಾದಿನ ಅವರ ಬೀದಿಯಲ್ಲಿ, ನೆಂಟರಿಷ್ಟರಲ್ಲಿ, ಎಲ್ಲ ಕಡೆ ಅವರು ‘ವೀಕ್ಷಕರು’. ಏನನ್ನು ವೀಕ್ಷಿಸುತ್ತೀರಿ ಎಂದು ಯಾರಾದರೂ ಕೆದಕಿದರೆ ‘ಕಬಡ್ಡಿ’ ಎನ್ನುತ್ತಿದ್ದರು. ಪೂರ್ತಿ ಸುಳ್ಳೇನಲ್ಲ. ಪಂದ್ಯ ಮುಗಿದ ಮೇಲೆ ಸಮಿತಿಯವರು ಚೀಟಿ ಎತ್ತಿ ಒಬ್ಬ ಆಟಗಾರನನ್ನು ಹೆಸರಿಸುತ್ತಾರೆ. ಅವನ ಬೆನ್ನು ಬಿಡದೆ ಶೌಚಾಲಯಕ್ಕೆ ಹೋಗಿ, ಅವನು ಉಚ್ಚೆ ಹೊಯ್ದು ಲೋಟ ತುಂಬಿಸುವುದನ್ನು ಕಣ್ಣಾರೆ ಕಂಡು, ಇದು ಇವನದೇ ಎಂದು ಸಾಕ್ಷಿ ಹೇಳುವುದು ವೀಕ್ಷಕರ ಕೆಲಸ. ಅಂಗಿ ಎದೆಯವರೆಗೆ ಮೇಲಕ್ಕೆ, ಚಡ್ಡಿ ಮೊಣಕಾಲವರೆಗೆ ಕೆಳಕ್ಕೆ, ನೋಡುವವನು ಎದುರಿಗೆ: ನಿಯಮ ಹೀಗೆ ಮಾನಗೆಟ್ಟದ್ದು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿ ಸೀಟಿ ಊದಿ ನಿವೃತ್ತರಾದ ಮನುಷ್ಯ, ಬಸ್ ಸ್ಟ್ಯಾಂಡಿನ ಮೂತ್ರಿಗೆ ಹೋದರೆ ಪಕ್ಕದವನು ಹೊರಡುವ ತನಕ ಒಂದು ಹನಿಯೂ ಬಾರದ ಮನುಷ್ಯ, ಇನ್ನೊಬ್ಬನದನ್ನು ಹೇಗೆ ನೋಡಿಯಾರು? ಎದೆಯ ಮೇಲೆ ಕರಡಿಗೆಯಲ್ಲಿ ಇಷ್ಟಲಿಂಗ ಬೇರೆ. ಅಂಗಿಯೊಳಗಿದ್ದರೂ ದೇವರಿಗೆ ಇಂಥದ್ದನ್ನು ತೋರಿಸಬಾರದೆಂದು ಮೊದಲ ದಿನವೇ ಎದೆಯನ್ನು ಗೋಡೆಯ ಕಡೆಗೆ ತಿರುಗಿಸಿದರು. ಎದೆ ತಿರುಗಿದ ಮೇಲೆ ಕಣ್ಣೂ ತಿರುಗಲೇಬೇಕಲ್ಲ. ಇದು ನೆಪವೆಂದು ಅವರಿಗೆ ಗೊತ್ತಿತ್ತು, ಬಹುಶಃ ಲಿಂಗಕ್ಕೂ ಗೊತ್ತಿತ್ತು. ಹೀಗೆ ಐದು ವರ್ಷ ಅವರು ಊರೂರಿನ ಕ್ರೀಡಾಂಗಣಗಳ ಟೈಲ್ಸುಗಳನ್ನು ವೀಕ್ಷಿಸಿದರು. ಹಿಂದಿನಿಂದ ಬರುವ ಸದ್ದು ಕೆಲವೊಮ್ಮೆ ವಿಚಿತ್ರವಾಗಿರುತ್ತಿತ್ತು. ಮೈಯಿಂದ ಬೀಳುವ ಧಾರೆಗೂ ಬಾಟಲಿಯಿಂದ ಸುರಿಯುವ ಧಾರೆಗೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಆದರೆ ಸಾಕ್ಷಿ ಹೇಳಬೇಕಾದದ್ದು ಕಣ್ಣು, ಕಿವಿಯಲ್ಲ ಎಂದು ಸಮಾಧಾನ ಮಾಡಿಕೊಂಡು ‘ಆಯ್ತೇನಪ್ಪ?’ ಎನ್ನುತ್ತಿದ್ದರು. ಆಯ್ತು ಸಾರ್ ಎನ್ನುವುದೇ ತಡ, ಸಹಿ.

ಲಿಖಿತನ ಸರದಿ ಬಂದ ದಿನ ಹಾಗೆ ಬೇಗ ಮುಗಿಯಲಿಲ್ಲ. ‘ಬತ್ತಾನೇ ಇಲ್ಲ ಕಣ್ ಸಾ’ ಎಂದು ಅವನು ಲೋಟ ಹಿಡಿದು ನಿಂತ. ನೀರು ಕುಡಿಸಿದರು, ಮತ್ತೆ ಕುಡಿಸಿದರು, ಹೊರಗೆ ನಡೆದಾಡಿಸಿ ತಂದರು. ಸಮಿತಿಯ ಡಾಕ್ಟರು ಗುರುಕಿರಣ್ ಬಾಗಿಲು ತಟ್ಟಿ, ‘ಏನ್ ಮೇಷ್ಟ್ರೆ, ಗಾಡಿ ಹೊರಡ್ಬೇಕು, ಒಂದು ಲೋಟಕ್ಕೆ ಇಷ್ಟೊತ್ತಾ?’ ಎಂದು ಗದರಿದ. ಸದಾಶಿವಯ್ಯನವರಿಗೆ ಅಯ್ಯೋ ಅನ್ನಿಸಿತು. ಇವನೂ ತನ್ನ ಜಾತಿಯವನೇ, ಯಾರಾದರೂ ಹತ್ತಿರವಿದ್ದರೆ ಬಾರದ ಜಾತಿ, ಎಂದು ಮನಸ್ಸು ಕರಗಿತು. ನಲ್ಲಿಯನ್ನು ಸಣ್ಣಗೆ ಬಿಟ್ಟರು. ಮಗ ಕೂಸಾಗಿದ್ದಾಗ ಪ್ರೇಮಲೀಲಾ ಅವನನ್ನು ಹಿತ್ತಿಲಲ್ಲಿ ಕಾಲ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದ ಸದ್ದು ನೆನಪಾಗಿ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ, ಹಲ್ಲು ಕಚ್ಚಿ ‘ಸ್‌ಸ್‌ಸ್‌ಸ್’ ಎಂದರು. ಮತ್ತೆ ಮತ್ತೆ ಎಂದರು. ಮಂತ್ರ ಫಲಿಸಿತು, ಆದರೆ ತಿರುಗಿ ಬಿತ್ತು. ಬೆಳಗಿನ ಮಾತ್ರೆ, ಅವನ ಜೊತೆಗೆ ತಾವೂ ಕುಡಿದ ನೀರು, ನಲ್ಲಿಯ ಸದ್ದು ಎಲ್ಲ ಸೇರಿ ಅವರೇ ಕಾಲು ಬದಲಿಸುತ್ತ ನಿಲ್ಲುವ ಹಾಗಾಯಿತು. ‘ಸಾ, ನಿಮ್ಗೇ ಬಂದಂಗದೆ’ ಎಂದ ಲಿಖಿತ್ ಮೆತ್ತಗೆ. ‘ಇದ್ರಲ್ಲೇ ಮಾಡ್ಬುಡಿ ಸಾ. ಯಾರ್ಗೆ ಗೊತ್ತಾಯ್ತದೆ? ನಮ್ಮವ್ವ ಹೊರಗೆ ಕಾಯ್ತಾ ಕುಂತದೆ, ಬೆಳಗಿಂದ ಏನೂ ತಿಂದಿಲ್ಲ.’ ಅಷ್ಟು ಹೇಳಿ, ಲೋಟವನ್ನು ಅವರ ಕೈಗಿಟ್ಟು, ಆ ಹುಡುಗ ತಾನೇ ಗೋಡೆಯ ಕಡೆಗೆ ತಿರುಗಿ ನಿಂತ. ಆ ಮರ್ಯಾದೆಗೆ ಅವರು ಸೋತುಹೋದರು. ನೋಡದೆ ಇರುವ ಈ ದೊಡ್ಡ ಸೌಜನ್ಯವನ್ನು ಇಷ್ಟು ವರ್ಷ ಯಾರೂ ಅವರಿಗೆ ತಿರುಗಿಸಿ ಕೊಟ್ಟಿರಲಿಲ್ಲ. ಲೋಟ ತುಂಬಿತು. ಅವನ ಹೆಸರಿನ ಬಾಟಲಿಗೆ ಸುರಿದು, ಮುಚ್ಚಳ ಹಾಕಿ, ‘ಇದು ಇವನದೇ’ ಎಂದು ಸಹಿ ಮಾಡಿದರು. ವಾಪಸು ಬರುವ ವ್ಯಾನಿನಲ್ಲಿ ಕಿಟಕಿಯ ಗಾಳಿಗೆ ಮುಖವೊಡ್ಡಿ, ಒಬ್ಬ ಬಡ ತಾಯಿಗೆ ಬೇಗ ಊಟ ಸಿಕ್ಕಿತಲ್ಲ ಎಂದು ಸಂತೋಷಪಟ್ಟಿದ್ದರು ಕೂಡ.

ದಟ್ಟಗಳ್ಳಿಯ ಬಸ್ಸಿನಲ್ಲಿ ಕೂತು ಅದೇ ಗಾಳಿಗೆ ಅದೇ ಮುಖವೊಡ್ಡಿದಾಗ ಈಗ ನಾಚಿಕೆಯಾಯಿತು. ಸನ್ಮಾನಕ್ಕೆ ಮೊದಲು ಲಿಖಿತನ ಕಾಲು ಹಿಡಿಯುವುದು, ಆಮೇಲೆ ಸಮಿತಿಗೆ ಹೋಗಿ ನಿಜ ಹೇಳುವುದು, ಇದು ಅವರ ನಿರ್ಧಾರ. ಮನೆಯಲ್ಲಿ ಕ್ಷೌರಕ್ಕೆ ಹೋಗುತ್ತೇನೆಂದು ಹೇಳಿದ್ದರು. ತನ್ನಿಂದಾಗಿ ಒಬ್ಬ ನಿರಪರಾಧಿಯ ಬದುಕು ಹಾಳಾಯಿತು ಎಂಬ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಹೇಳಿಕೊಂಡರು. ಹೇಳಿಕೊಂಡಷ್ಟೂ ಅದು ಚೆನ್ನಾಗಿ ಕೇಳಿಸಿತು. ಪಶ್ಚಾತ್ತಾಪದಲ್ಲೂ ಒಂದು ರುಚಿ ಇದೆ, ಅದನ್ನು ಅವರು ಸವಿಯುತ್ತಿದ್ದರು ಎಂದರೆ ತಪ್ಪಲ್ಲ. ಲಿಖಿತನ ಮನೆ ಹೊಸ ಬಡಾವಣೆಯ ಕೊನೆಯಲ್ಲಿ, ಮಹಡಿಗೆ ಇನ್ನೂ ಗಾರೆ ಆಗದ ಮನೆ. ಬಾಗಿಲು ತೆಗೆದ ಅವನ ತಾಯಿ ಪುಟ್ಟತಾಯಮ್ಮ ಇವರನ್ನು ಗುರುತಿಸಿ, ‘ಬನ್ನಿ ಸೋಮಿ, ನೀವಾದ್ರೂ ಬಂದ್ರಲ್ಲ’ ಎಂದು ಕುರ್ಚಿ ಒರೆಸಿ ಕೂರಿಸಿ, ಕಾಫಿ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತು ಶುರು ಮಾಡಿದರು. ‘ನನ್ನ ಮಗ ತಲೆನೋವಿಗೂ ಮಾತ್ರೆ ನುಂಗಾಕಿಲ್ಲ. ಯಾವನೋ ಮುಂಡೇದು ಕುಡಿಯೋ ನೀರ್‌ಗೆ ಬೆರೆಸ್ಬುಟ್ಟವ್ನೆ. ಅವ್ನ ಉಚ್ಚೆ ಕಟ್ಟೋಗ! ಅವ್ನು ಹೊಯ್ಯಾಕೆ ಕುಂತ್ರೆ ಬೆಂಕಿ ಬೀಳ!’ ಸದಾಶಿವಯ್ಯನವರು ಕಾಫಿಯನ್ನು ಅರ್ಧಕ್ಕೆ ನಿಲ್ಲಿಸಿದರು. ಕೆಳಹೊಟ್ಟೆಯಲ್ಲಿ ಎಲ್ಲೋ ಸಣ್ಣಗೆ ಉರಿದ ಹಾಗಾಯಿತು. ‘ಕುಡೀರಿ ಸೋಮಿ, ನಿಮ್ಮನ್ನಲ್ಲ ನಾನು ಬೈದಿದ್ದು’ ಎಂದರು ಪುಟ್ಟತಾಯಮ್ಮ. ಅವರು ಕುಡಿದರು.

ಲಿಖಿತ್ ಅವರನ್ನು ತಾರಸಿಗೆ ಕರೆದುಕೊಂಡು ಹೋದ. ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ನಿಂತು ಸದಾಶಿವಯ್ಯನವರು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಪೂರ್ತಿ ಒಪ್ಪಿಸಿದರು. ಇವತ್ತೇ ಎಲ್ಲ ಹೇಳಿಬಿಡುತ್ತೇನೆ, ನೀನು ನಿರಪರಾಧಿ ಎಂದಾಗುತ್ತದೆ, ನನಗೆ ಏನಾದರೂ ಆಗಲಿ ಎಂದರು. ಕಣ್ಣು ತೇವವಾಗಿತ್ತು. ಲಿಖಿತ್ ಗಾಬರಿಯಿಂದ ಮೆಟ್ಟಿಲ ಕಡೆಗೊಮ್ಮೆ ನೋಡಿ, ‘ಅಂಗೆಲ್ಲಾ ಮಾಡ್ಬುಟ್ಟೀರಿ ಸಾ!’ ಎಂದ. ‘ನೀವು ಬಾಯಿ ಬುಟ್ರೆ ನಾನು ಕೆಟ್ಟೆ.’

‘ಯಾಕೋ? ನೀನೇನೂ ತಪ್ಪು ಮಾಡಿಲ್ವಲ್ಲ.’

‘ಮೆತ್ತಗೆ ಸಾ, ಅವ್ವ ಕೇಳುಸ್ಕತದೆ. ಅವತ್ತಿಗೆ ವಾರದ ಮುಂಚೆ ಸೂಜಿ ಹಾಕುಸ್ಕೊಂಡಿದ್ದೆ. ನಂದು ಆ ಬಾಟ್ಲಿಗೆ ಬಿದ್ದಿದ್ರೆ ನಾಕು ವರ್ಷ ಮನೇಲಿ ಕುಂತ್ಕೋಬೇಕು. ನಿಮ್ಮ ಮಾತ್ರೆ ಆದ್ರೆ, ಮನೇಲಿ ಅವ್ವನ ಮಾತ್ರೆ ಮರ್ತು ನುಂಗ್ಬುಟ್ಟೆ ಅಂತ ವಾದ ಮಾಡ್ಬೋದು, ಆರು ತಿಂಗ್ಳಲ್ಲಿ ವಾಪಸ್ ಬತ್ತೀಯ ಅಂತ ವಕೀಲ್ರು ಹೇಳವ್ರೆ. ಲೋಟ ಬದ್ಲಾಗಿತ್ತು ಅಂತ ಗೊತ್ತಾದ್ರೆ ನಾನೂ ಹೋದೆ, ನೀವೂ ಹೋದ್ರಿ.’

ಸದಾಶಿವಯ್ಯನವರು ಒಣಗಿದ ಪಂಚೆಯೊಂದರ ತುದಿ ಹಿಡಿದುಕೊಂಡರು. ‘ಮತ್ತೆ... ಅವತ್ತು ಬರ್ತಾ ಇಲ್ಲ ಅಂದೆಯಲ್ಲಪ್ಪ.’

‘ಬರದೆ ಏನ್ ಸಾ! ಮಂಡಿ ಪಟ್ಟಿ ಒಳಗೆ ನಮ್ಮ ಭಾವಂದು ಒಂದ್ ಪೊಟ್ಟಣದಲ್ಲಿ ಮಡಗಿದ್ದೆ, ಕೊನೇ ರೈಡಲ್ಲಿ ಆ ಕಡೆಯೋರು ಕಾಲು ಹಿಡ್ಕೊಂಡು ಒಡೆದಾಕ್ಬುಟ್ರು. ಅದಕ್ಕೇ ಬತ್ತಾ ಇಲ್ಲ ಅಂದೆ. ನೀವು ಆ ನಲ್ಲಿ ಬಿಟ್ಟು ಸ್‌ಸ್ ಅನ್ನೋವಾಗ ತಡ್ಕೊಂಡ್ನಲ್ಲ, ಅದಕ್ಕೆ ಒಂದು ಕಪ್ಪು ಕೊಡ್ಬೇಕಿತ್ತು ಸಾ ನಂಗೆ.’ ಅವನು ನಕ್ಕ. ಒಳ್ಳೆಯ ನಗು, ಕೆಟ್ಟತನವಿಲ್ಲದ್ದು. ‘ಬೇಜಾರ್ ಮಾಡ್ಕೋಬೇಡಿ. ನೀವು ಅಂದ್ರೆ ನಮಗೆಲ್ಲಾ ಗೌರವ. ಟೀಮಲ್ಲಿ ನಿಮ್ಮನ್ನ ಗೋಡೆ ಮೇಷ್ಟ್ರು ಅಂತೀವಿ. ನಿಮ್ಮ ಡ್ಯೂಟಿ ಅಂತ ಗೊತ್ತಾದ್ರೆ ಡ್ರೆಸಿಂಗ್ ರೂಮಲ್ಲಿ ಚಪ್ಪಾಳೆ ಬೀಳ್ತದೆ. ನಮ್ಮಲ್ಲಿ ಅಂತ ಅಲ್ಲ, ಎಲ್ಲಾ ಟೀಮಲ್ಲೂ.’

ಬಸ್ಸಿನಲ್ಲಿ ವಾಪಸು ಬರುವಾಗ ಆ ಚಪ್ಪಾಳೆ ಅವರ ಕಿವಿಯಲ್ಲೇ ಇತ್ತು. ಎಂಥೆಂಥ ಊರುಗಳಲ್ಲಿ, ಬಾಗಿಲಾಚೆ, ಚಪ್ಪಾಳೆ ಹೊಡೆದಿದ್ದರಲ್ಲ; ಆಟಕ್ಕೆಂದೇ ತಿಳಿದು ತಾನೂ ಒಮ್ಮೊಮ್ಮೆ ಮುಗುಳ್ನಕ್ಕಿದ್ದುಂಟು. ಬೆಳಿಗ್ಗೆ ಎದೆಯ ತುಂಬ ಇದ್ದ ಪಾಪ ಈಗ ಹುಡುಕಿದರೂ ಸಿಗಲಿಲ್ಲ. ನಿರಪರಾಧಿಯೇ ಇಲ್ಲದ ಮೇಲೆ ಪಾಪ ಯಾರ ಮೇಲೆ ಕೂರಬೇಕು? ಹೇಳದಿದ್ದರೆ ಎಲ್ಲರಿಗೂ ಸುಖ. ಲಿಖಿತನಿಗೆ ಆರು ತಿಂಗಳು, ಸಮಿತಿಗೆ ಒಂದು ಬೇಟೆ, ತನಗೆ ಒಂದು ಪೇಟ. ಪುಟ್ಟತಾಯಮ್ಮನ ಶಾಪವೊಂದು ಉಳಿಯಿತು, ಅದಕ್ಕೆ ಡಾಕ್ಟರಿದ್ದಾರೆ. ಇಷ್ಟು ಲೆಕ್ಕ ಹಾಕಿ ಹಗುರಾಗಬೇಕೆನ್ನುವಾಗ, ಯಾಕೋ, ಸಿದ್ದರಾಜು ನೆನಪಾದ. ಅವರ ಸ್ಕೂಲಿನಲ್ಲೇ ಓದಿದ ಹುಡುಗ, ಗಜಪಡೆಯಲ್ಲಿ ಲಿಖಿತನಿಗಿಂತ ಮೊದಲು ರೈಡರ್ ಆಗಿದ್ದವನು. ಅವನ ಹೆಸರು ಚೀಟಿಯಲ್ಲಿ ಬಂದಾಗೆಲ್ಲ, ‘ನೋಡಿ ಸಾರ್, ಈ ಕಡೆ ತಿರುಗಿ ನೋಡಿ. ನೀವು ನೋಡಿದ್ರೇ ತಾನೇ ನಂದು ಅಂತ ಆಗೋದು?’ ಎನ್ನುತ್ತಿದ್ದ. ‘ನೀನು ನನ್ನ ಶಿಷ್ಯ ಕಣೋ, ನಿನ್ನನ್ನು ನೋಡೋದೇನು?’ ಎಂದು ಇವರು ಟೈಲ್ಸಿಗೆ ಹೇಳುತ್ತಿದ್ದರು. ಆಮೇಲಾಮೇಲೆ ಉಳಿದವರೆಲ್ಲ ಹೋರಿಗಳ ಹಾಗೆ ಬೆಳೆದರು, ಸಿದ್ದರಾಜು ಮಾತ್ರ ಮನುಷ್ಯನ ಹಾಗೇ ಉಳಿದ. ವೇಗ ಸಾಲದೆಂದು ತಂಡದಿಂದ ಬಿಟ್ಟರು. ಈಗ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ಎತ್ತಿ ಹಾಕುತ್ತಾನಂತೆ. ಮುಖ ತಿರುಗಿಸಿ ನಿಂತದ್ದು ಕಳ್ಳರಿಗೆ ಮಾಡಿದ ಉಪಕಾರವಷ್ಟೇ ಎಂದು ಬಸ್ಸು ಹತ್ತುವಾಗ ಅಂದುಕೊಂಡಿದ್ದರು. ನೋಡಿ ಎಂದು ಬಾಯಿಬಿಟ್ಟು ಕೇಳಿದ ಒಬ್ಬನೇ ಒಬ್ಬ ಸಾಚಾ ಹುಡುಗನನ್ನೂ ತಾನು ನೋಡಲಿಲ್ಲ. ಸದಾಶಿವಯ್ಯನವರಿಗೆ ಬಸ್ಸಿನಲ್ಲೇ ಅಳು ಬಂತು. ಈ ಅಳುವಿನಲ್ಲಿ ಬೆಳಗಿನ ರುಚಿ ಇರಲಿಲ್ಲ.

ಸಂಜೆ ಸಭಾಂಗಣದ ಹಿಂದಿನ ಕೋಣೆಯಲ್ಲಿ, ಪೇಟ ತೊಡಿಸುವ ಹುಡುಗಿ ಆಚೆ ಹೋದದ್ದೇ, ಅವರು ಡಾಕ್ಟರ್ ಗುರುಕಿರಣನಿಗೆ ಮೂರು ವಾಕ್ಯದಲ್ಲಿ ವಿಷಯ ಹೇಳಿದರು. ಲಿಖಿತನ ಸೂಜಿಯ ವಿಷಯ ಎತ್ತಲಿಲ್ಲ. ಅದನ್ನು ಅವನೇ ಹೇಳಿಕೊಳ್ಳಲಿ. ಗುರುಕಿರಣ್ ಅವರ ಪೇಟದ ಜರಿಯನ್ನು ಸರಿ ಮಾಡುತ್ತಿದ್ದ. ಬೈಯುತ್ತಾನೆಂದು ಇವರು ಕಾದರು. ಅವನು ಜರಿಯನ್ನು ಇನ್ನಷ್ಟು ನೆಟ್ಟಗೆ ಮಾಡಿ, ‘ಮೇಷ್ಟ್ರೆ, ನಾನು ಏನೂ ಕೇಳಿಸ್ಕೊಂಡಿಲ್ಲ’ ಎಂದ.

‘ಇನ್ನೊಂದು ಸಲ ಹೇಳ್ತೀನಿ.’

‘ಬೇಡ. ಐದು ವರ್ಷಕ್ಕೆ ಒಂದು ಕೇಸು ಸಿಕ್ಕಿದೆ. ಅದೂ ಬಿದ್ದೋದ್ರೆ ಸಮಿತಿಗೆ ಬೀಗ. ಅಷ್ಟೇ ಅಲ್ಲ, ಹಿಂದೆ ನೀವು ಸಹಿ ಮಾಡಿದ ಬಾಟಲಿಗಳೆಲ್ಲ ಯಾರದು ಅಂತ ಕೇಳ್ತಾರೆ. ಏನು ಹೇಳ್ತೀರಿ?’

ಗೋಡೆಗಳು ಯಾವ ಯಾವ ಬಣ್ಣದವೆಂದು ಬೇಕಾದರೆ ಸದಾಶಿವಯ್ಯನವರು ಹೇಳಬಲ್ಲರು. ಹೊರಗೆ ವೇದಿಕೆಯಲ್ಲಿ ಪ್ರಾರ್ಥನೆ ಮುಗಿದು, ಸ್ವಾಗತ ಭಾಷಣದವರು ‘ಹದ್ದಿನ ಕಣ್ಣಿನ ಸದಾಶಿವಯ್ಯನವರು’ ಎಂದದ್ದು ಕೇಳಿಸಿತು. ಕೋಣೆಯ ಮೇಜಿನ ಮೇಲೆ, ಸಾರ್ವಜನಿಕರಿಗೆ ತೋರಿಸಲೆಂದು, ಸಮಿತಿಯ ಬಾಟಲಿಗಳೂ ಮುಚ್ಚಳದ ಲೋಟಗಳೂ ಸಾಲಾಗಿ ಕೂತಿದ್ದವು. ಅದರಿಂದ ಒಂದು ಲೋಟ ಎತ್ತಿಕೊಂಡು, ‘ಬನ್ನಿ ಡಾಕ್ಟ್ರೆ’ ಎಂದರು. ‘ಬೆಳಿಗ್ಗೆ ಅದೇ ಮಾತ್ರೆ ನುಂಗಿದ್ದೀನಿ. ಒಂದು ಲೋಟ ಕೊಡ್ತೀನಿ. ಆವತ್ತಿಂದೂ ಇವತ್ತಿಂದೂ ಪಕ್ಕಪಕ್ಕ ಇಟ್ಟು ನೋಡ್ಲಿ, ಒಬ್ಬಂದೇ ಅಂತ ಗೊತ್ತಾಗುತ್ತೆ. ನೀವು ಬಂದು ಸಾಕ್ಷಿ ನಿಂತ್ಕೊಳ್ಳಿ.’ ಗುರುಕಿರಣ್ ಬೇಡ ಬೇಡ ಎನ್ನುತ್ತಲೇ ಹಿಂದೆ ಬಂದ. ಬಾರದಿದ್ದರೆ ಈ ಮುದುಕ ಪಡಸಾಲೆಯಲ್ಲೇ ಏನಾದರೂ ಮಾಡಿಯಾನು ಎಂದು ಹೆದರಿದ್ದಿರಬೇಕು.

ಶೌಚಾಲಯದಲ್ಲಿ, ತಲೆಯ ಮೇಲೆ ಪೇಟ, ಹೆಗಲ ಮೇಲೆ ಜರಿಯಂಚಿನ ಶಲ್ಯ, ಸದಾಶಿವಯ್ಯನವರು ನಿಯಮದಲ್ಲಿ ಹೇಗಿದೆಯೋ ಹಾಗೆ ಅಂಗಿಯನ್ನು ಎದೆಯವರೆಗೆ ಎತ್ತಿ ಗಲ್ಲದಲ್ಲಿ ಹಿಡಿದುಕೊಂಡು, ಪಂಚೆಯನ್ನು ಸಡಿಲಿಸಿದರು. ಕನ್ನಡಿಯಲ್ಲಿ ತಮ್ಮನ್ನು ಕಂಡು ನಗು ಬಂತು. ಇಂಥ ಅವತಾರದಲ್ಲಿ ಅವರನ್ನು ಪ್ರೇಮಲೀಲಾ ಕೂಡ ಕಂಡಿರಲಿಲ್ಲ. ಒಂದು ಗಳಿಗೆ ಏನೂ ಬರಲಿಲ್ಲ. ಬಸ್ ಸ್ಟ್ಯಾಂಡಿನ ಹಳೆಯ ಹೆದರಿಕೆ ಹೊಕ್ಕುಳಲ್ಲಿ ಗಂಟು ಹಾಕಿ ಕೂತಿತ್ತು. ಪಕ್ಕದಲ್ಲಿ ಒಬ್ಬ ಇದ್ದಾನೆ, ಇರಬೇಕು, ನೋಡಬೇಕು, ನೋಡಲೆಂದೇ ಅವನನ್ನು ಕರೆದು ತಂದದ್ದು ಎಂದುಕೊಂಡರು. ಆಗ ಗಂಟು ಬಿಚ್ಚಿತು. ಯಾರ ಮುಂದೆಯೂ ಬಾರದಿದ್ದದ್ದು ಧಾರಾಳವಾಗಿ, ಸದ್ದು ಮಾಡಿಕೊಂಡು ಲೋಟಕ್ಕೆ ಬಿತ್ತು. ಆಹಾ ಎನ್ನಿಸಿತು. ‘ನೋಡಿ ಡಾಕ್ಟ್ರೆ, ನೋಡ್ಕೊಳ್ಳಿ!’ ಎಂದು ಉತ್ಸಾಹದಿಂದ ಕೂಗಿ ಕತ್ತು ಹೊರಳಿಸಿದರೆ, ಗುರುಕಿರಣ್ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಯನ್ನು ನೋಡುತ್ತ ನಿಂತಿದ್ದ.

‘ಅಲ್ಲೇನೂ ಇಲ್ಲ ಡಾಕ್ಟ್ರೆ’ ಎಂದರು ಸದಾಶಿವಯ್ಯನವರು. ‘ನಾನು ಐದು ವರ್ಷ ನೋಡಿದ್ದೀನಿ.’

ಅವನು ತಿರುಗಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾಗಿತ್ತು. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಬೆನ್ನು ಅವರಿಗೆ ಅಷ್ಟು ಪರಿಚಿತವಾಗಿತ್ತು. ಪಂಚೆ ಕಟ್ಟಿ, ಲೋಟಕ್ಕೆ ಮುಚ್ಚಳ ಬಿಗಿದು, ಕೈ ತೊಳೆದು, ಅವರು ಅವನನ್ನು ಅಲ್ಲೇ ಬಿಟ್ಟು ಹೊರಟರು. ಲಿಖಿತನಿಗೆ ನಾಲ್ಕು ವರ್ಷ ಎನ್ನುವುದು ನಡೆಯುವ ದಾರಿಯಲ್ಲಿ ಎರಡು ಸಲ ಕಾಲಿಗೆ ತೊಡರಿತು. ಪುಟ್ಟತಾಯಮ್ಮ ಇನ್ನೊಮ್ಮೆ ಬಾಗಿಲು ತೆಗೆಯುವುದಿಲ್ಲ ಎನ್ನುವುದೂ ತೊಡರಿತು. ಆದರೂ ಕಾಲು ನಿಲ್ಲಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ಸಭೆ ಎದ್ದು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ಅರ್ಥ ಈಗ ಅವರಿಗೆ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಪ್ರೇಮಲೀಲಾ, ರೇಷ್ಮೆ ಸೀರೆ, ಹೆಮ್ಮೆಯಿಂದ ಅಕ್ಕಪಕ್ಕದವರಿಗೆ ಏನೋ ಹೇಳುತ್ತಿದ್ದವರು ಗಂಡನ ಕೈಯಲ್ಲಿದ್ದ ಲೋಟ ನೋಡಿ ಅರ್ಧಕ್ಕೆ ನಿಲ್ಲಿಸಿದರು.

ಸದಾಶಿವಯ್ಯನವರು ಲೋಟವನ್ನು ಮುಖ್ಯ ಅತಿಥಿಗಳ ಎದುರಿಗೆ, ಶಾಲು ಮತ್ತು ಹಣ್ಣಿನ ತಟ್ಟೆಯ ಪಕ್ಕದಲ್ಲಿ, ಚೆಲ್ಲದ ಹಾಗೆ ಇಟ್ಟರು. ಮೈಕನ್ನು ಬಾಯಿಯ ಮಟ್ಟಕ್ಕೆ ಇಳಿಸಿಕೊಂಡು, ಸ್ಕೂಲಿನ ಮೈದಾನದಲ್ಲಿ ಹಾಜರಿ ಕೂಗುತ್ತಿದ್ದ ದನಿಯಲ್ಲಿ ಹೇಳಿದರು.

‘ಇದು ನನ್ನದು. ಲಿಖಿತನ ಹೆಸರು ಬರೆದ ಬಾಟಲಿಯಲ್ಲಿ ಇರೋದೂ ನನ್ನದೇ. ಉಳಿದವು ಯಾರದೋ ಗೊತ್ತಿಲ್ಲ. ನಾನು ನೋಡಲಿಲ್ಲ. ಸಿದ್ದರಾಜು ನೋಡಿ ಅಂದ, ಅವನದನ್ನೂ ನೋಡಲಿಲ್ಲ.’

ಮುಖ್ಯ ಅತಿಥಿಗಳು ಹಣ್ಣಿನ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.